ಸ್ಲೀವ್ ಆಪರೇಷನ್ ಆದ ಮೇಲೆ ಮತ್ತೆ ತೂಕ ಏರುತ್ತಿದೆ, ಹೊಟ್ಟೆ ಹಿಗ್ಗಿದೆಯಾ?

ಪ್ರಶ್ನೆ (ಕುಣಿಗಲ್)

ನಮಸ್ಕಾರ. 2021ರಲ್ಲಿ ಬೆಂಗಳೂರಿನಲ್ಲಿ ತೂಕ ಇಳಿಸಲು ಹೊಟ್ಟೆ ಚಿಕ್ಕದು ಮಾಡುವ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ. ಆಗ 118 ಕೆಜಿ ಇದ್ದೆ. ಒಂದೂವರೆ ವರ್ಷದಲ್ಲಿ 79ಕ್ಕೆ ಇಳಿಯಿತು. ಈಗ 91. ಬೆಳಿಗ್ಗೆ ಒಂದೇ ತಟ್ಟೆ ಇಡ್ಲಿ, ಮಧ್ಯಾಹ್ನ ಪುಟ್ಟ ಮುದ್ದೆ, ಸೊಪ್ಪಿನ ಸಾರು. ಎರಡು ಗಂಟೆಯಲ್ಲಿ ಮತ್ತೆ ಹಸಿವು. ಆಗ ಟೀ, ಒಂದೆರಡು ಕೋಡುಬಳೆ. ಹೊಟ್ಟೆ ಹಿಗ್ಗಿಬಿಟ್ಟಿದೆಯಾ? ಇನ್ನೊಂದು ಆಪರೇಷನ್ ಬೇಕಾ? ಮನೆಯಲ್ಲಿ ಎಲ್ಲರೂ "ದುಡ್ಡು ದಂಡ" ಅನ್ನುತ್ತಾರೆ.

ಉತ್ತರ (ತುಮಕೂರು)

ಅಕ್ಕಾ, ದಂಡ ಅಲ್ಲ. ಇಳಿದ 39ರಲ್ಲಿ 27 ಕೆಜಿ ಇನ್ನೂ ಬಂದಿಲ್ಲ, ಅಲ್ವಾ? ಒಂದೆರಡು ವರ್ಷದ ನಂತರ ಸ್ವಲ್ಪ ತೂಕ ಮರಳುವುದು ತುಂಬಾ ಜನರಿಗೆ ಆಗುತ್ತದೆ. ತೂಕ ಇಳಿದ ಮೈಗೆ ಮೊದಲಿನಷ್ಟು ಊಟ ಬೇಕಾಗುವುದಿಲ್ಲ, ಹಸಿವು ಮಾತ್ರ ಜೋರಾಗುತ್ತದೆ. ನಾನೂ ಸ್ಲೀವ್ ಮಾಡಿಸಿಕೊಂಡವನೇ.

ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯುತ್ತಾರೆ. ಉಳಿದದ್ದು ವರ್ಷ ಕಳೆದಂತೆ ಸ್ವಲ್ಪ ಹಿಗ್ಗಬಹುದು. ಆದರೆ ನೀವು ಬರೆದಿದ್ದರಲ್ಲಿ ನನಗೆ ಮೊದಲು ಕಂಡಿದ್ದು ಮುದ್ದೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಮೆತ್ತಗಿರುವುದು, ನೀರಾಗಿರುವುದು ಸಣ್ಣ ಹೊಟ್ಟೆಯಿಂದ ಬೇಗ ಕೆಳಗೆ ಜಾರುತ್ತದೆ. ತಟ್ಟೆ ಇಡ್ಲಿಯೂ ಹಾಗೇ. ಕೋಡುಬಳೆ ಗರಿಗರಿ ಇದ್ದರೂ ಬಾಯಲ್ಲಿ ಪುಡಿಯಾಗುತ್ತದೆ, ಟೀ ಜೊತೆ ಇನ್ನೂ ಸಲೀಸು. ಎಣ್ಣೆ, ಸಕ್ಕರೆ ಮಾತ್ರ ಪೂರ್ತಿ ಮೈಗೆ ಸೇರುತ್ತವೆ.

ರಾಗಿ ಬಿಡಬೇಡಿ, ರೊಟ್ಟಿ ಮಾಡಿ. ಅದನ್ನು ಅಗಿಯಲೇಬೇಕು. ತಟ್ಟೆಯಲ್ಲಿ ಮೊದಲು ಮೊಟ್ಟೆ, ಕೋಳಿ, ಪನ್ನೀರ್ ಅಥವಾ ಗಟ್ಟಿ ಹುರುಳಿಕಾಳು ಪಲ್ಯ ತಿನ್ನಿ, ಆಮೇಲೆ ರೊಟ್ಟಿ. ಸಾಮಾನ್ಯವಾಗಿ ದಿನಕ್ಕೆ 60 ಗ್ರಾಂ ಪ್ರೋಟೀನ್ ಆದರೂ ಬೇಕು ಅನ್ನುತ್ತಾರೆ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಸೊಪ್ಪಿನ ಸಾರನ್ನು ನಂಬಿಕೊಂಡರೆ ಸಾಲದು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ಉತ್ತರ (ಚಿಂತಾಮಣಿ)

ಥೈರಾಯ್ಡ್ ನೋಡಿಸಿ ಮೇಡಂ. ಸ್ಟಿರಾಯ್ಡ್, ಇನ್ಸುಲಿನ್, ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆಗಳಿಂದಲೂ ತೂಕ ಏರುತ್ತದೆ. ಆದರೆ ಸುಮ್ನೆ ನೀವೇ ನಿಲ್ಲಿಸಬೇಡಿ. ಬಿ12, ಕಬ್ಬಿಣ, ವಿಟಮಿನ್ ಡಿ ಕೂಡ ಚೆಕ್ ಮಾಡಿಸಿ. ತೂಕ ಏರಿದರೂ ಇವು ಕಡಿಮೆ ಇರಬಹುದು.

ಪ್ರಶ್ನೆ (ಕುಣಿಗಲ್)

ತುಂಬಾ ಧೈರ್ಯ ಬಂತು. ಥೈರಾಯ್ಡ್ ನೋಡಿಸಿ ಎರಡು ವರ್ಷವಾಗಿದೆ. ತೂಕ ಇಳಿಸಲು ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಂತೆ, ಅದು ಆಗುತ್ತಾ?

ಉತ್ತರ (ತುಮಕೂರು)

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇರಬೇಕು. ಆಪರೇಷನ್ ಆದವರಿಗೂ ಡಾಕ್ಟರು ಕೊಡುತ್ತಾರೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ನೀವೇ ಶುರು ಮಾಡಬೇಡಿ. ಊಟ ಇನ್ನೂ ಕಡಿಮೆಯಾಗುತ್ತದೆ, ಪ್ರೋಟೀನ್ ಕೈತಪ್ಪುತ್ತದೆ. ಮೊದಲು ಸರ್ಜನ್ ಹತ್ತಿರ ಹೋಗಿ. ಹಿಗ್ಗಿದೆಯಾ ಅನ್ನುವುದು ಎಂಡೋಸ್ಕೋಪಿಯಲ್ಲೋ, ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇಯಲ್ಲೋ ಗೊತ್ತಾಗುತ್ತದೆ. ಎದೆಯುರಿ ಇದ್ದರೆ ಅದನ್ನೂ ಹೇಳಿ, ಸ್ಲೀವ್ ಆದವರಲ್ಲಿ ಅದು ಜಾಸ್ತಿ. ಹಳೇ ಡಿಸ್ಚಾರ್ಜ್ ಸಮ್ಮರಿ ಇದ್ದರೆ ತೆಗೆದುಕೊಂಡು ಹೋಗಿ. ಒಂದು ವಾರ ತಿಂದಿದ್ದನ್ನೆಲ್ಲಾ, ಟೀ ಸಮೇತ, ಬರೆದಿಟ್ಟು ಅದನ್ನೂ ತೋರಿಸಿ.