ಅಪ್‌ಡೇಟ್: ಜೈಲಿನ ಟ್ರಾನ್ಸ್‌ಜೆಂಡರ್ ಕೈದಿಗಳ ಬಗ್ಗೆ ಹಾಕಿದ್ದ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ

ಟ್ರಾನ್ಸ್‌ಜೆಂಡರ್ ಕೈದಿಗಳನ್ನು ಯಾವ ಬ್ಯಾರಕ್‌ನಲ್ಲಿ ಇಡಬೇಕೆಂದು ನಿರ್ಧರಿಸೋದು ಯಾರು, ಆ ದಾಖಲೆ ಪಡೆಯೋದು ಹೇಗೆ ಅಂತ ಇಲ್ಲಿ ನಿಮ್ಮನ್ನು ಕೇಳಿದ್ದೆನಲ್ಲ, ಅದರ ಮುಂದಿನ ಕತೆ ಇದು.

ಮೊದಲ ಅರ್ಜಿಗೆ ಒಂದೇ ಸಾಲಿನ ಉತ್ತರ ಬಂತು: ವೈಯಕ್ತಿಕ ಮಾಹಿತಿ, ಕೊಡಲಾಗದು. ಸಿಟ್ಟು ಬಂದರೂ, ಅರ್ಧ ತಪ್ಪು ನನ್ನದೇ. ಒಬ್ಬೊಬ್ಬ ಕೈದಿಯ ವಿವರ ಕೇಳಿಬಿಟ್ಟಿದ್ದೆ.

ನೀವು ಹೇಳಿದಂತೆ ಎರಡನೇ ಸಲ ಹೆಸರು ಬಿಟ್ಟು, ಬ್ಯಾರಕ್ ಬಗ್ಗೆ ಇರುವ ಸುತ್ತೋಲೆ ಮತ್ತು ಇಂಥ ಕೈದಿಗಳ ಒಟ್ಟು ಸಂಖ್ಯೆ ಮಾತ್ರ ಕೇಳಿದೆ. ಜೊತೆಗೆ 2022ರ ಜನವರಿಯಲ್ಲಿ ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ಬರೆದ ಸಲಹಾಪತ್ರದ ಮೇಲೆ ಏನು ಕ್ರಮ ಆಯ್ತು ಅಂತಲೂ. ಪ್ರತ್ಯೇಕ ವಾರ್ಡ್, ಶೌಚಾಲಯ ಇರಲಿ, ಆದರೆ ಅದು ಒಂಟಿ ಸೆರೆಯಂತಾಗಬಾರದು ಅನ್ನುತ್ತದೆ ಆ ಪತ್ರ. ನನಗೆ ಮುಖ್ಯ ಅನಿಸಿದ್ದು ಆ ಕೊನೆಯ ಮಾತೇ. ರಕ್ಷಣೆಯ ಹೆಸರಲ್ಲಿ ಮೂಲೆಗೆ ತಳ್ಳೋದು ಸುಲಭ ನೋಡಿ.

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಕತ್ತರಿಸಿ ಕತ್ತರಿಸಿ ಸಾಕಾಯ್ತು!

ಈ ಸಲ ಸಂಖ್ಯೆ ಸಿಕ್ಕಿತು, ಸುತ್ತೋಲೆ ಸಿಗಲಿಲ್ಲ. 30 ದಿನದೊಳಗೇ ಮೊದಲ ಮೇಲ್ಮನವಿ ಹಾಕಿದ್ದೇನೆ. ಸ್ವೀಕೃತಿ ಚೀಟಿ ನಿನ್ನೆ ಕೈಗೆ ಬಂತು.