ಅಪ್‌ಡೇಟ್: ಕಪ್ಪಾದ ಬಾಳೆಹಣ್ಣಿನ ಓಟ್ಸ್ ಬಾರ್ ಕೊನೆಗೂ ಪುಡಿಯಾಗದೆ ನಿಂತಿತು

ಮಡಿಕೇರಿ ಮಳೆಯಲ್ಲಿ ತೋಟದ ಗೊನೆ ಒಟ್ಟಿಗೇ ಹಣ್ಣಾಗಿ ಕಪ್ಪಾಗ್ತಿದೆ, ಓಟ್ಸ್ ಬಾರ್ ಮಾಡಿದ್ರೆ ಮೇಲೆ ಗಟ್ಟಿ, ಒಳಗೆ ಹಸಿಹಸಿ, ಕತ್ತರಿಸಿದ್ರೆ ಪುಡಿಪುಡಿ, ಏನು ಮಾಡಲಿ ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಅರ್ಧ ಓಟ್ಸನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಸೇರಿಸಿ ಅಂದ ಅಕ್ಕನಿಗೆ ದೊಡ್ಡ ಥ್ಯಾಂಕ್ಸ್. ಆ ಹಿಟ್ಟೇ ಹಣ್ಣಿನ ನೀರು ಹೀರಿಕೊಂಡು ಅಂಟಿನ ಕೆಲಸ ಮಾಡಿತು. ಈಗಿನ ಅಳತೆ: 2 ಕಪ್ ಓಟ್ಸ್, ಕಿವುಚಿದ ಹಣ್ಣು 1 ಕಪ್, 2 ಚಮಚ ಜೇನು, ಒಂದು ಹಿಡಿ ಹುರಿದ ಕಡಲೆಬೀಜ, ಏಲಕ್ಕಿ, ಚಿಟಿಕೆ ಉಪ್ಪು. ಕಲಸಿ 15 ನಿಮಿಷ ನೆನೆಯಲು ಬಿಟ್ಟೆ. ಬೆಲ್ಲ ಹಾಕಲೇ ಇಲ್ಲ. ಹಣ್ಣು ಕಳಿತಷ್ಟೂ ಪಿಷ್ಟವೆಲ್ಲ ಸಕ್ಕರೆಯಾಗಿರುತ್ತೆ, ಸಾಕು.

ತಟ್ಟೆಗೆ ಹಾಕಿ ಬಟ್ಟಲಿನ ತಳದಿಂದ ಚೆನ್ನಾಗಿ ಒತ್ತಿದೆ. ಓಟಿಜಿ ಓವನ್‌ನಲ್ಲಿ 175 ಡಿಗ್ರಿ, ಅರ್ಧ ಗಂಟೆ. ಅಂಚು ಕಂದು ಬಣ್ಣಕ್ಕೆ ತಿರುಗಿ ತಟ್ಟೆ ಬಿಟ್ಟುಕೊಂಡಿತ್ತು, ನಡುವೆ ಬೆರಳಿಟ್ಟರೆ ಇನ್ನೂ ಮೆತ್ತಗಿತ್ತು. ಹಾಗೇ ತೆಗೆದು ಪೂರ್ತಿ ಆರಿಸಿ, ಆಮೇಲೆ ಫ್ರಿಡ್ಜಲ್ಲಿಟ್ಟು ಕತ್ತರಿಸಿದರೆ ಚಾಕುವಿಗೆ ಒಂದು ಕಣವೂ ಅಂಟಲಿಲ್ಲ. ಬಿಸಿಯಲ್ಲಿ ಕತ್ತರಿಸಬೇಡಿ ಅಂತ ನೀವೆಲ್ಲ ಬಡಕೊಂಡಿದ್ದು ಸುಮ್ಮನೆ ಅಲ್ಲ.

ನೇಂದ್ರ ಬಾಳೆಯಲ್ಲೂ ಮಾಡಿ ನೋಡಿದೆ. ಅದು ಸಿಪ್ಪೆ ಪೂರ್ತಿ ಕಪ್ಪಾಗೋವರೆಗೆ ಕಾಯಬೇಕು, ಇಲ್ಲಾಂದ್ರೆ ಹಿಟ್ಟುಹಿಟ್ಟು. ನನಗೆ ಪುಟ್ಟುಬಾಳೆಯೇ ಇಷ್ಟ.

ಡಬ್ಬಿಯಲ್ಲಿಟ್ಟು ಹೊರಗಿಡೋದು ಮಾತ್ರ ನಮ್ಮ ಕಡೆ ಆಗದ ಮಾತು. ಈ ತೇವಕ್ಕೆ ಬೇಗ ಬೂಸ್ಟು ಹಿಡಿಯುತ್ತೆ. ಬೆಣ್ಣೆ ಕಾಗದದಲ್ಲಿ ಸುತ್ತಿ ಫ್ರೀಜರಿಗೆ ಹಾಕಿದ್ದೇನೆ, ಬೇಕಾದಾಗ ತವಾ ಮೇಲೆ ಬಿಸಿ ಮಾಡಿದರಾಯ್ತು. ಅತ್ತೆ ಇದನ್ನು ಬರ್ಫಿ ಅಂತಲೇ ಕರೀತಾರೆ, ಕರೀಲಿ.