ಸಹಾಯ ಬೇಕು: ಜೀಪಿನ ಕೆಲಸಕ್ಕೆ ಯಾವ ವೆಲ್ಡಿಂಗ್ ಮಷೀನ್?

ಮಡಿಕೇರಿ ಹತ್ತಿರ ತೋಟದ ಮನೆ, ಸಿಂಗಲ್ ಫೇಸ್. ಪಂಪ್‌ಸೆಟ್ ಓಡುವಾಗ ವೋಲ್ಟೇಜ್ 170ಕ್ಕೆ ಇಳಿಯುತ್ತೆ. 5 ಎಂಎಂ ಆಂಗಲ್‌ನ ಬಂಪರ್ ಬ್ರಾಕೆಟ್‌ಗೆ ಆರ್ಕ್ ಇನ್ವರ್ಟರ್ (ರಾಡ್ ಹಾಕಿ ವೆಲ್ಡ್ ಮಾಡೋ ಮಷೀನ್), 3.15 ಎಂಎಂ ರಾಡ್ ಸಾಕು. ತಲೆನೋವು ತುಕ್ಕು ಹಿಡಿದ ಫ್ಲೋರ್‌ಗೆ ಹಾಕೋ 1.2 ಎಂಎಂ ಶೀಟ್. 2.5 ರಾಡಿಗೆ 60 ಆಂಪ್ ಇಟ್ಟರೂ ತೂತು ಬೀಳುತ್ತೆ, ಹಾಗಾಗಿ ರಾಡ್ ಬದಲು ರೀಲಿಂದ ವೈರ್ ತಾನೇ ಬರೋ ಮಿಗ್ಗೇ ಬೇಕು, 0.8 ಎಂಎಂ ವೈರಿಂದು.

ಮಿಗ್ಗಿಗೆ ಗ್ಯಾಸೋ, ಗ್ಯಾಸ್ ಬೇಡದ ಫ್ಲಕ್ಸ್ ಕೋರ್ ವೈರೋ (ಒಳಗೇ ಫ್ಲಕ್ಸ್ ಪುಡಿ ಇರೋದು)? ನಮ್ಮದು ತೆರೆದ ಶೆಡ್. ಗಾಳಿಗೆ ಗ್ಯಾಸ್ ಹಾರಿ, ಹುಳು ಕೊರೆದ ಕಾಫಿ ಬೀಜದ ಹಾಗೆ ಬ್ಲೋಹೋಲ್. ಫ್ಲಕ್ಸ್ ವೈರ್ ಆದ್ರೆ ಚಿಟಿಚಿಟಿ ಸಿಡಿತ ಜಾಸ್ತಿ, ಮಳೆಗಾಲದ ತೇವಕ್ಕೆ ರೀಲೇ ತುಕ್ಕು. ಜೊತೆಗೆ ಫ್ಲಕ್ಸ್ ವೈರಿಗೆ ಟಾರ್ಚ್ ನೆಗೆಟಿವ್‌ಗೆ ಹೋಗಬೇಕು. ಪೋಲಾರಿಟಿ (ಪ್ಲಸ್-ಮೈನಸ್) ಬದಲಿಸೋಕೆ ಬರದ ಮಷೀನ್ ಹೇಳಲೇಬೇಡಿ.

ರಾಡ್, ಮಿಗ್ ಎರಡೂ ಮಾಡೋ, ಕಡಿಮೆ ವೋಲ್ಟೇಜಲ್ಲೂ ಆರ್ಕ್ ಹಿಡಿಯೋ ಮಷೀನ್ ಯಾರ ಹತ್ರ ಇದೆ? 5 ಕೆವಿಎ ಜನರೇಟರ್‌ನಲ್ಲಿ ಎಷ್ಟು ಆಂಪ್‌ವರೆಗೆ ಎಳೆಯುತ್ತೆ?